ಮೂರನೆಯ ನಕ್ಷತ್ರದ ಇಳಿತ

ದುರ್ಬೀನಿಗೆ ಕಣ್ಣಿಟ್ಟು ನಕ್ಷತ್ರ ನೋಡಿದವಳು ನಾನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಚಳ್ಳಕೆರೆಯಲ್ಲಿ ನನ್ನನ್ನು ಕಂಡವರೆಲ್ಲ ಕೇಳುವುದು ಅದನ್ನೇ. ಮೊನ್ನೆ ಕಾಲೇಜಿನ ಮಕ್ಕಳು ನಾಲ್ಕೈದು ಮಂದಿ ಮನೆಗೆ ಬಂದಿದ್ದರು. ಅವರಲ್ಲಿ ಇಬ್ಬರಿಗೆ ನಾನು ಮಾಡಿದ ಕೆಲಸಕ್ಕೇ ಸೇರುವ ಆಸೆ.

"ಮೇಡಮ್, ನಿಮ್ ದುರ್ಬೀನು ಎಷ್ಟ್ ದೊಡ್ಡದಿತ್ತು?" ಅಂದ ಒಬ್ಬ.

"ಅದು ಭೂಮಿ ಮೇಲೆ ಇರಲಿಲ್ಲಪ್ಪ. ಉಪಗ್ರಹದ ಜೊತೆ ಮೇಲೆ ಸುತ್ತುತ್ತಿತ್ತು. ನಾನು ಕೆಳಗೆ ಕೂತು ಅದು ಕಳಿಸೋ ಅಂಕಿ ನೋಡ್ತಿದ್ದೆ."

"ಬರೀ ಅಂಕಿನಾ?"

"ಬರೀ ಅಂಕಿ."

ಹುಡುಗನ ಮುಖ ಸಪ್ಪಗಾಯಿತು. ಅವನ ಆ ಮುಖ ನೋಡಿ ಬರೆಯಲು ಕೂತಿದ್ದೇನೆ. ಆ ಬರೀ ಅಂಕಿಗಾಗಿ ನಾನು ಈಗಲೂ ಹಂಬಲಿಸುತ್ತೇನೆ ಅಂದರೆ ಅವನು ನಂಬಲಿಕ್ಕಿಲ್ಲ.

ನಮ್ಮದು ತಳಕಿನ ಪಕ್ಕದ ಒಂದು ಹಟ್ಟಿ. ಅಪ್ಪ ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ಚೀಲ ಹೊರುತ್ತಿದ್ದ. ಅವ್ವ ಕಂಡವರ ಹೊಲದಲ್ಲಿ ಶೇಂಗಾ ಕೀಳಲು ಹೋಗುತ್ತಿದ್ದಳು. ನಮ್ಮ ವಂಶದಲ್ಲಿ ಹತ್ತನೇ ತರಗತಿ ದಾಟಿದವರಿರಲಿಲ್ಲ. ನಾನು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದೆ. ಈ ವಾಕ್ಯ ಬರೆಯುವಾಗ ಇವತ್ತಿಗೂ ಬೆನ್ನು ನೆಟ್ಟಗಾಗುತ್ತದೆ. ವಿನಯ ತೋರಿಸಲು ಬೇರೆಯವರಿದ್ದಾರೆ, ನನ್ನಿಂದ ಆಗುವುದಿಲ್ಲ. ಅದನ್ನು ನಾನು ಹೇಗೆ ಓದಿದೆ ಅಂತ ನನಗೆ ಗೊತ್ತು.

ಕೆಲಸ ಸಿಕ್ಕಾಗ ಅವ್ವ ಕೇಳಿದಳು, "ಏನ್ ಕೆಲ್ಸನೇ ಅದು?"

"ಮೇಲಿಂದ ಬರೋ ಬೆಳಕು ಲೆಕ್ಕ ಇಡೋದು ಕಣವ್ವ."

"ಬೆಳಕ್ನ ಲೆಕ್ಕ ಇಡಾಕೂ ಜನ ಬೇಕಾ? ಬೆಳಗಾದ್ರೆ ಬತ್ತೈತೆ, ಸಂಜಿ ಆದ್ರೆ ಹೋಗ್ತೈತೆ." ಆಮೇಲೆ ಸ್ವಲ್ಪ ಯೋಚಿಸಿ, "ನೆಳ್ಳಾಗೆ ಕುಂತು ಮಾಡೋ ಕೆಲ್ಸ ಅಲ್ವಾ?" ಅಂದಳು. ಹೌದು ಅಂದೆ. ಅಷ್ಟಕ್ಕೇ ಅವಳಿಗೆ ಸಮಾಧಾನವಾಯಿತು.

ಕೆಲವು ನಕ್ಷತ್ರಗಳು ಕಣ್ಣಿಗೆ ಕಾಣುವ ಬೆಳಕಿಗಿಂತ ಹೆಚ್ಚಾಗಿ ಎಕ್ಸ್-ಕಿರಣ ಚೆಲ್ಲುತ್ತವೆ. ನಮ್ಮ ಭೂಮಿಯ ಗಾಳಿ ಅದನ್ನು ಕೆಳಗೆ ಬಿಡುವುದಿಲ್ಲ. ಅದಕ್ಕೇ ದೂರದರ್ಶಕ ಗಾಳಿಯಾಚೆಗೆ ಹೋಗಬೇಕು. ಅಲ್ಲಿ ಆ ಕಿರಣದ ಒಂದೊಂದು ಕಣ ಬಂದು ತಾಕಿದಾಗಲೂ ಅದು ಬಂದ ಗಳಿಗೆ ದಾಖಲಾಗುತ್ತದೆ. ನಮ್ಮ ಕೈಗೆ ಬರುವುದು ಆ ಗಳಿಗೆಗಳ ಉದ್ದನೆಯ ಸಾಲು. ಯಾವಾಗ ದಟ್ಟವಾಗಿ ಬಂದವು, ಯಾವಾಗ ವಿರಳವಾದವು ಅಂತ ನೋಡಿ ಅಲ್ಲೇನು ನಡೆಯುತ್ತಿದೆ ಅಂತ ಹೇಳಬೇಕು. ಕೆಲಸ ಇಷ್ಟೇ.

ನಾನು ಸೇರಿದಾಗ ಆ ಸಾಲುಗಳು ದೊಡ್ಡ ದೊಡ್ಡ ಟೇಪಿನಲ್ಲಿ ಬರುತ್ತಿದ್ದವು. ಲೆಕ್ಕಕ್ಕೆ ಹಾಕಿ ಮಾರನೆಯ ದಿನದವರೆಗೆ ಕಾಯಬೇಕು. ಎರಡೂ ಅಂಚಿಗೆ ತೂತುಗಳಿದ್ದ ಅಗಲದ ಕಾಗದದಲ್ಲಿ ಉತ್ತರ ಅಚ್ಚಾಗಿ ಬರುತ್ತಿತ್ತು. ನನ್ನ ಮೊದಲ ಮೇಲಧಿಕಾರಿ ವಾಸುದೇವನ್ ಸರ್ ಆ ಕಾಗದವನ್ನು ವರಾಂಡದ ಉದ್ದಕ್ಕೂ ಹಾಸಿ, ಚಪ್ಪಲಿ ಬಿಟ್ಟು, ಕೆಂಪು ಪೆನ್ಸಿಲ್ ಹಿಡಿದು ಅದರ ಪಕ್ಕದಲ್ಲಿ ನಡೆಯುತ್ತಿದ್ದರು. ನಡೆಯುತ್ತ ನಡೆಯುತ್ತ ಒಂದು ಕಡೆ ಕುಕ್ಕರುಗಾಲಲ್ಲಿ ಕೂತು, ತಮಿಳು ಬೆರೆತ ಕನ್ನಡದಲ್ಲಿ, "ಓಬಮ್ಮ, ಇಂಗೆ ಬಾಮ್ಮ, ಈ ಸಾಲು ಯಾಕೆ ಕುಂಟುತ್ತೆ?" ಅನ್ನುತ್ತಿದ್ದರು. ನನಗೆ ಏನೂ ಕಾಣುತ್ತಿರಲಿಲ್ಲ. ಒಂದೆರಡು ವರ್ಷ ಅವರ ಹಿಂದೆ ನಡೆದ ಮೇಲೆ ಕಾಣತೊಡಗಿತು.

ಆಗ ಹೊಸದಾಗಿ ಸೇರಿದ ಒಬ್ಬ ಸಹೋದ್ಯೋಗಿ ಒಂದು ನಕ್ಷತ್ರ ಆಗಾಗ ಭಗ್ ಅಂತ ಉರಿಯುತ್ತದೆ ಅಂತ ಕಂಡುಹಿಡಿದರು. ಖುಷಿಯಿಂದ ವರದಿ ಬರೆದೂ ಆಗಿತ್ತು. ವಾಸುದೇವನ್ ಸರ್ ಅದನ್ನು ಓದಿ, ಮಾತಾಡದೆ ಭೂಪಟ ತಂದು ಅವರ ಮೇಜಿನ ಮೇಲೆ ಹಾಸಿದರು. "ನಿಮ್ಮ ನಕ್ಷತ್ರ ಉರಿದಾಗೆಲ್ಲ ಉಪಗ್ರಹ ಯಾವ ದೇಶದ ಮೇಲಿತ್ತು, ಗುರುತು ಹಾಕಿ." ಗುರುತು ಹಾಕಿದರೆ ಎಲ್ಲವೂ ಬ್ರೆಜಿಲಿನ ಅಕ್ಕಪಕ್ಕ. ಆ ಭಾಗದಲ್ಲಿ ಭೂಮಿಯ ಕಾಂತಬಲ ದುರ್ಬಲ. ಬೇರೆ ಕಣಗಳು ಬಂದು ಉಪಕರಣಕ್ಕೆ ಬಡಿಯುತ್ತವೆ. ಉರಿದದ್ದು ನಕ್ಷತ್ರವಲ್ಲ, ನಮ್ಮ ಉಪಕರಣ. ಆ ಸಹೋದ್ಯೋಗಿಯನ್ನು ಬಹಳ ಕಾಲ ಎಲ್ಲರೂ "ಬ್ರೆಜಿಲ್ ಸಾಹೇಬ್ರು" ಅಂತಲೇ ಕರೆದರು. ಪಾಪ, ಒಳ್ಳೆಯ ಮನುಷ್ಯ, ಕರೆದರೆ ಓಗೊಡುತ್ತಿದ್ದರು.

ಬಡ್ತಿ, ವರ್ಗಾವಣೆಗಳ ಕಥೆ ಬಿಡಿ. ಅದು ಎಲ್ಲ ಕಚೇರಿಯಲ್ಲೂ ಒಂದೇ.

ನನ್ನ ನೌಕರಿಯ ಕೊನೆಯ ವರ್ಷಗಳಲ್ಲಿ ಕಂಪ್ಯೂಟರ್ ನೋಟ್‌ಬುಕ್ ಬಂತು. ಈಗ ನೀವೆಲ್ಲ ಕಾಲೇಜಿನಲ್ಲೇ ಕಲಿಯುತ್ತೀರಿ. ನಮಗೆ ಅದು ಮದುವೆಯಾಗಿ ಬಂದ ಹೊಸ ಸೊಸೆಯಂತೆ, ಏನು ಮಾಡಿದರೂ ಅನುಮಾನ. ಪರದೆಯ ಮೇಲೆ ಒಂದು ಪುಟ. ಅದರಲ್ಲಿ ಒಂದರ ಕೆಳಗೊಂದು ಚೌಕ. ಒಂದೊಂದು ಚೌಕಕ್ಕೆ ಸೆಲ್ ಅನ್ನುತ್ತೇವೆ. ಸೆಲ್‌ನಲ್ಲಿ ಲೆಕ್ಕದ ಸೂಚನೆ ಬರೆದು ಒತ್ತಿದರೆ ಅದರ ಕೆಳಗೇ ಉತ್ತರ ಬರುತ್ತದೆ, ಚಿತ್ರ ಬರುತ್ತದೆ. ನಡುವೆ ನಮ್ಮ ಮಾತೂ ಬರೆಯಬಹುದು. ನಾನು ಕನ್ನಡದಲ್ಲೇ ಬರೆಯುತ್ತಿದ್ದೆ. "ಇಲ್ಲಿ ಹುಷಾರು, ಈ ಗಡಿಯಾರ ಸುಳ್ಳು ಹೇಳುತ್ತದೆ." "ಈ ಲೆಕ್ಕ ಇವತ್ತು ಒಪ್ಪಲಿಲ್ಲ, ನಾಳೆ ನೋಡೋಣ." ವರಾಂಡದಲ್ಲಿ ಹಾಸಿದ ಕಾಗದ, ಕೆಂಪು ಪೆನ್ಸಿಲ್, ಉತ್ತರ ಎಲ್ಲ ಒಂದೇ ಕಡೆ ಬಂದ ಹಾಗಾಯಿತು. ಅನುಮಾನ ಹೋಗಿ ಪ್ರೀತಿ ಹುಟ್ಟಲು ಬಹಳ ದಿನ ಬೇಕಾಗಲಿಲ್ಲ.

ಆದರೆ ಅದರಲ್ಲೊಂದು ಅಪಾಯ ಇತ್ತು. ಪುಟ ಮೇಲಿಂದ ಕೆಳಕ್ಕೆ ಇದ್ದರೂ ಸೆಲ್‌ಗಳನ್ನು ಹೇಗೆ ಬೇಕಾದರೂ ಒತ್ತಬಹುದು. ಮೂರನೆಯದನ್ನು ಬಿಟ್ಟು ಐದನೆಯದಕ್ಕೆ ಹಾರಬಹುದು. ಮೇಲೆ ಬರೆದದ್ದನ್ನು ಅಳಿಸಿದರೂ ಅದರ ಉತ್ತರ ಯಂತ್ರದ ನೆನಪಿನಲ್ಲಿ ಹಾಗೇ ಕೂತಿರುತ್ತದೆ. ಪುಟದಲ್ಲಿ ಕಾಣುವುದೇ ಒಂದು, ಯಂತ್ರ ನೆನಪಿಟ್ಟುಕೊಂಡಿರುವುದೇ ಇನ್ನೊಂದು. ಅದಕ್ಕೆ ನಮ್ಮಲ್ಲೊಂದು ಪದ್ಧತಿ ಮಾಡಿಕೊಂಡಿದ್ದೆವು. ಯಾವ ಫಲಿತಾಂಶವೂ ಹೊರಗೆ ಹೋಗುವ ಮೊದಲು, ಅದನ್ನು ಮಾಡದ ಇನ್ನೊಬ್ಬರು ಯಂತ್ರದ ನೆನಪನ್ನೆಲ್ಲ ಅಳಿಸಿ, ಮೊದಲ ಸೆಲ್‌ನಿಂದ ಕೊನೆಯವರೆಗೆ ಸಾಲಾಗಿ ಓಡಿಸಬೇಕು. "ಖಾಲಿ ಹೊಟ್ಟೇಲಿ ಓಡಿಸೋದು" ಅನ್ನುತ್ತಿದ್ದೆವು. ಹೆಚ್ಚಾಗಿ ಓಡಿಸುವವಳು ನಾನೇ. ನನಗೆ ಸಿಕ್ಕ ಹೆಸರು "ಎರಡನೇ ಕಣ್ಣು". ಹುಡುಗರು ನನ್ನನ್ನು ಕಂಡರೆ ಕಾರಿಡಾರಿನಲ್ಲಿ ದಾರಿ ಬದಲಿಸುತ್ತಿದ್ದರು ಅಂತಲೂ ಕೇಳಿದ್ದೇನೆ.

ವರಲಕ್ಷ್ಮಿ ದಾರಿ ಬದಲಿಸಿದವಳಲ್ಲ. ಪಿಎಚ್‌ಡಿ ಮಾಡಲು ಬಂದ ಹುಡುಗಿ. ನನ್ನ ನೋಟ್‌ಬುಕ್ ಒಂದನ್ನು ಯಾರೋ ಅವಳಿಗೆ ಮಾದರಿ ಅಂತ ಕೊಟ್ಟಿದ್ದರು. ಸೀದಾ ನನ್ನ ಕೋಣೆಗೆ ಬಂದಳು.

"ಗಡಿಯಾರ ಸುಳ್ಳು ಹೇಳುತ್ತದೆ ಅಂತ ಬರ್ದೋರು ನೀವೇನಾ?"

"ಹೌದು. ಯಾಕೆ?"

"ಓದಿ ನಕ್ಕೂ ನಕ್ಕೂ ಸಾಕಾಯ್ತು. ನಿಮ್ದ್ಯಾವೂರಕ್ಕ?"

"ತಳಕಿನ ಹತ್ರ."

"ಅಯ್ಯೋ, ನಮ್ದು ಮೊಳಕಾಲ್ಮೂರು!" ಅಂದವಳೇ ಕೇಳದೆ ಕುರ್ಚಿ ಎಳೆದುಕೊಂಡು ಕೂತಳು. ಅವತ್ತಿನಿಂದ ನಾನು ಅವಳಿಗೆ ಅಕ್ಕ.

ಅವಳ ಅಪ್ಪ ಅಮ್ಮ ರೇಷ್ಮೆ ಸೀರೆ ನೇಯುವವರು. ಅವರ ಮನೆಯಲ್ಲೂ ಮೊದಲ ಪದವಿ ಇವಳದೇ. ಅವಳ ಸಂಶೋಧನೆಗೆ ಮೂರು ನಕ್ಷತ್ರ ಕೊಟ್ಟಿದ್ದರು. ಒಂದೊಂದೂ ನಿಜಕ್ಕೂ ಜೋಡಿ ಇರಬಹುದು, ಒಂದನ್ನೊಂದು ಸುತ್ತುತ್ತಿರಬಹುದು ಅಂತ ಅನುಮಾನ. ಸುತ್ತುವಾಗ ಒಂದು ಇನ್ನೊಂದಕ್ಕೆ ಅಡ್ಡ ಬಂದರೆ ಬೆಳಕು ಸ್ವಲ್ಪ ಇಳಿಯುತ್ತದೆ. ಆ ಇಳಿತ ಒಂದೇ ಅಂತರಕ್ಕೆ ಮತ್ತೆ ಮತ್ತೆ ಬಂದರೆ ಅದೇ ಸಾಕ್ಷಿ. ಮೊದಲೆರಡು ನಕ್ಷತ್ರಗಳಲ್ಲಿ ವರ್ಷಗಟ್ಟಲೆ ಹುಡುಕಿದರೂ ಏನೂ ಸಿಗಲಿಲ್ಲ. ಅವಳ ಅವಧಿ ಮುಗಿಯುತ್ತ ಬಂದಿತ್ತು. ಮೂರನೆಯದರಲ್ಲೂ ಸಿಗದಿದ್ದರೆ ಪದವಿಯಿಲ್ಲದೆ ಊರಿಗೆ ಹೋಗಬೇಕಾಗಬಹುದು ಅಂತ ಅವಳಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಆ ನಕ್ಷತ್ರಕ್ಕೆ ಪಟ್ಟಿಯಲ್ಲಿ ಉದ್ದನೆಯ ಅಂಕಿಯ ಹೆಸರಿತ್ತು. ನಾವಿಬ್ಬರೂ ಅದನ್ನು "ಮೂರನೇದು" ಅಂತಲೇ ಕರೆಯುತ್ತಿದ್ದೆವು.

ಒಂದು ಬೆಳಿಗ್ಗೆ ಅವಳು ಓಡಿಕೊಂಡು ಬಂದಳು. "ಅಕ್ಕ... ಮೂರನೇದು... ಬರ್ರಿ" ಅಂತ ಕೈ ಹಿಡಿದು ಎಳೆದಳು.

ಪರದೆಯ ಮೇಲೆ ಒಂದು ಗೆರೆ. ಸಮನಾಗಿ ಹೋಗುತ್ತಾ ಹೋಗುತ್ತಾ ಇಳಿಯುತ್ತದೆ, ಏರುತ್ತದೆ, ಮತ್ತೆ ಅಷ್ಟೇ ದೂರ ಹೋಗಿ ಇಳಿಯುತ್ತದೆ. ಮಲಗಿದ ಮಗುವಿನ ಉಸಿರಿನ ಹಾಗೆ. ಅಷ್ಟು ವರ್ಷದ ನೌಕರಿಯಲ್ಲಿ ಅಷ್ಟು ಚೆಂದದ ಗೆರೆ ನಾನು ನೋಡಿರಲಿಲ್ಲ.

ಅವಳ ಮಾರ್ಗದರ್ಶಕಿ ಮೀನಾಕ್ಷಿ ಮೇಡಮ್ ಬಂದರು. ನನಗಿಂತ ವಯಸ್ಸಿನಲ್ಲಿ ಚಿಕ್ಕವರು, ಹುದ್ದೆಯಲ್ಲಿ ದೊಡ್ಡವರು, ತಲೆ ಚುರುಕು. ಮೊದಲು ಕೇಳಬೇಕಾದ್ದನ್ನೇ ಕೇಳಿದರು: "ನಮ್ಮ ಉಪಗ್ರಹ ಭೂಮಿ ಸುತ್ತೋ ಕಾಲ ಅಲ್ಲ ತಾನೆ ಇದು?" ನೋಡಿದೆವು. ಅಲ್ಲ, ಅದಕ್ಕೂ ಇದಕ್ಕೂ ಹೊಂದುತ್ತಿರಲಿಲ್ಲ. ಮೇಡಮ್ ಕ್ಯಾಂಟೀನಿನಿಂದ ಜಿಲೇಬಿ ತರಿಸಿದರು. ದೊಡ್ಡ ಸಭೆಯೊಂದರಲ್ಲಿ ವರಲಕ್ಷ್ಮಿ ಇದನ್ನು ಮಂಡಿಸುವುದು ಅಂತಾಯಿತು. ಅವಳು ಮೂಲೆಯಲ್ಲಿ ನಿಂತು ಅಮ್ಮನಿಗೆ ಫೋನಿನಲ್ಲಿ ತೆಲುಗಿನಲ್ಲಿ ಹೇಳುತ್ತಿದ್ದಳು, ದನಿ ಏರಿ ಏರಿ ಹೋಗುತ್ತಿತ್ತು. ನನಗೂ ಖುಷಿ ತಡೆಯಲಾಗಲಿಲ್ಲ. ಬಸ್ಸಿನಲ್ಲಿ ನನ್ನಷ್ಟಕ್ಕೆ ನಗುತ್ತಿದ್ದದ್ದು ನೋಡಿ ಪಕ್ಕದ ಹೆಂಗಸು ಸರಿದು ಕೂತಳು.

ನಾಲ್ಕೈದು ದಿನ ಬಿಟ್ಟು, ಪದ್ಧತಿಯಂತೆ ನೋಟ್‌ಬುಕ್ ನನ್ನ ಕಡೆ ಬಂತು. ಮಧ್ಯಾಹ್ನ ಊಟ ಮುಗಿಸಿ ತೆರೆದೆ. ಒಂದೊಂದು ಸೆಲ್‌ನ ಎಡಕ್ಕೂ ಒಂದು ಅಂಕಿ ಇರುತ್ತದೆ, ಅದನ್ನು ಯಾವ ಸರದಿಯಲ್ಲಿ ಒತ್ತಿದ್ದು ಅಂತ. ಹೊಸಬರು ಅದನ್ನು ನೋಡುವುದಿಲ್ಲ. ನೀವು ನೋಡಿ, ದಯವಿಟ್ಟು ನೋಡಿ. ಅವಳ ಪುಟದಲ್ಲಿ ಒಂದು ಕಡೆ ಅಂಕಿ ಹಿಂದಕ್ಕೆ ಹೋಗಿತ್ತು. ನನ್ನ ಕೈ ಅಲ್ಲೇ ನಿಂತಿತು. ಇರಲಿ, ಎಲ್ಲರೂ ಹಿಂದೆ ಮುಂದೆ ಒತ್ತುತ್ತಾರೆ ಅಂತ ಅಂದುಕೊಂಡೆ. ನೆನಪು ಅಳಿಸಿ ಮೊದಲಿಂದ ಓಡಿಸಿದೆ.

ಗೆರೆ ಇಳಿಯಲಿಲ್ಲ.

ಸಮನಾಗಿ ಈ ತುದಿಯಿಂದ ಆ ತುದಿಗೆ ಹೋಯಿತು. ನಾನೇ ಏನೋ ತಪ್ಪಿದೆ ಅಂದುಕೊಂಡೆ. ತಪ್ಪಿರಲಿ ಅಂತ ಆಸೆಪಟ್ಟೆ ಅನ್ನುವುದೇ ಸರಿ. ಪಕ್ಕದ ಯಂತ್ರದಲ್ಲಿ ಓಡಿಸಿದೆ. ಅಲ್ಲೂ ಸಮ. ವರಲಕ್ಷ್ಮಿಯನ್ನು ಕರೆದೆ.

ಅವಳು ನಿಂತೇ ನೋಡಿದಳು. "ಇದು ಯಾವ್ದಕ್ಕ?"

"ಮೂರನೇದು."

"ಅಲ್ಲ. ನೀವು ಒಂದನೇದು ತೆಗ್ದಿದೀರಿ."

"ಮೂರನೇದೇ ಕಣೇ. ಕೂತ್ಕೋ."

ಅವಳು ಕೂರಲಿಲ್ಲ. ಬಗ್ಗಿ ಒಂದೊಂದೇ ಸೆಲ್ ಓದುತ್ತ ಬಂದಳು. ಅಂಕಿ ಹಿಂದಕ್ಕೆ ಹೋದ ಜಾಗಕ್ಕೆ ಬಂದಾಗ ಅವಳ ಬೆರಳು ಪರದೆಯ ಮೇಲೇ ನಿಂತುಬಿಟ್ಟಿತು. ನಾನು ಹೇಳುವ ಅಗತ್ಯವೇ ಬೀಳಲಿಲ್ಲ.

ಆಗಿದ್ದು ಇಷ್ಟು. ನಮ್ಮ ಉಪಗ್ರಹ ಭೂಮಿಯನ್ನು ಸುತ್ತುವಾಗ ಪ್ರತಿ ಸುತ್ತಿನಲ್ಲೂ ಸ್ವಲ್ಪ ಹೊತ್ತು ಭೂಮಿಯೇ ನಕ್ಷತ್ರಕ್ಕೆ ಅಡ್ಡ ಬರುತ್ತದೆ. ಆಗ ದೂರದರ್ಶಕ ಕುರುಡು. ಯಾವಾಗ ಕಾಣುತ್ತಿತ್ತು, ಯಾವಾಗ ಇಲ್ಲ ಅನ್ನುವ ಹೊತ್ತುಗಳು ಅಂಕಿಯ ಜೊತೆಗೇ ಬರುತ್ತವೆ, ಒಂದೊಂದು ನಕ್ಷತ್ರಕ್ಕೂ ಬೇರೆ ಬೇರೆ. ಅದನ್ನು ನೋಡಿಕೊಂಡು ಲೆಕ್ಕ ಸರಿಪಡಿಸಬೇಕು. ವರಲಕ್ಷ್ಮಿ ಗೆರೆ ಸಿಕ್ಕ ದಿನ ಬೆಳಿಗ್ಗೆ ಉಪಕರಣ ಸರಿಯಿದೆಯಾ ಅಂತ ನೋಡಲು ಬೇರೊಂದು ನಕ್ಷತ್ರವನ್ನು ತೆರೆದಿದ್ದಳು. ಆಮೇಲೆ ಮೂರನೆಯದಕ್ಕೆ ಬಂದಾಗ, ಹೊತ್ತುಗಳನ್ನು ಓದುವ ಸೆಲ್ ತುಂಬ ನಿಧಾನ ಅಂತ ಅದನ್ನು ಹಾರಿ ಮುಂದಕ್ಕೆ ಹೋಗಿದ್ದಳು. ಮೊದಲು ತೆರೆದಿದ್ದ ಆ ನಕ್ಷತ್ರದ ಹೊತ್ತುಗಳು ಯಂತ್ರದ ನೆನಪಿನಲ್ಲೇ ಇದ್ದವು. ಮೂರನೆಯದರ ಬೆಳಕಿಗೆ ಅದರ ಹೊತ್ತುಗಳು ಬೆರೆತವು. ಚಳ್ಳಕೆರೆಯಲ್ಲಿ ಬಳ್ಳಾರಿ ಬಸ್ಸು ಒಂದು ಅಂತರಕ್ಕೆ, ಮೊಳಕಾಲ್ಮೂರು ಬಸ್ಸು ಇನ್ನೊಂದು ಅಂತರಕ್ಕೆ ಬಂದರೆ, ಎರಡೂ ಒಟ್ಟಿಗೆ ನಿಂತಿರುವ ಹೊತ್ತಿಗೆ ಮೂರನೆಯದೇ ಒಂದು ಲಯ ಇರುತ್ತದಲ್ಲ, ಹಾಗೆ ಎರಡು ನಕ್ಷತ್ರದ ಹೊತ್ತು ಸೇರಿ ಎಲ್ಲೂ ಇಲ್ಲದ ಲಯವೊಂದು ಹುಟ್ಟಿತ್ತು. ನಾವು ಕಣ್ಣು ಮುಚ್ಚಿದ್ದನ್ನು ನಕ್ಷತ್ರ ಕಣ್ಣು ಮುಚ್ಚಿತು ಅಂತ ಬರೆದುಕೊಂಡಿದ್ದೆವು.

"ಮೇಡಮ್ಗೆ ನಾನೇ ಹೇಳ್ತೀನಿ," ಅಂದಳು. ಹೋಗಿ ಹೇಳಿದಳು.

ಮೀನಾಕ್ಷಿ ಮೇಡಮ್ ಬೈಯಲಿಲ್ಲ. "ಹೊರಗೆ ಹೋಗಿಲ್ವಲ್ಲ, ಬದುಕಿಕೊಂಡ್ವಿ," ಅಂದು ಸಭೆಯಿಂದ ಹೆಸರು ತೆಗೆಸಿದರು. ಆಮೇಲೆ ನನ್ನನ್ನು ಕರೆದು ಮೆಲ್ಲಗೆ, "ಓಬಮ್ಮ, ಅವಳಿಗೆ ಸ್ವಲ್ಪ ಕಾಲ ಕೊಡಿಸಬಹುದು. ಆದರೆ ಬರೆಯೋಕೆ ಏನಿದೆ?" ಅಂದರು.

ಮಾರನೆಯ ದಿನ ವರಲಕ್ಷ್ಮಿ ಬರಲಿಲ್ಲ. ಊರಿಗೆ ಹೋದಳಂತೆ. ಫೋನು ಎತ್ತುತ್ತಿಲ್ಲ. ನಾನು ರಜೆ ಹಾಕಿ ಹಟ್ಟಿಗೆ ಬಂದವಳು, ಒಂದು ದಿನ ತಳಕಿನಲ್ಲಿ ಬಸ್ಸು ಹತ್ತಿದೆ. ಬಿ.ಜಿ. ಕೆರೆಯಲ್ಲಿ ನಿಂತಾಗ ಕಿಟಕಿಯಿಂದಲೇ ಸೀತಾಫಲ ಕೊಂಡೆ. ಬರಿಗೈಯಲ್ಲಿ ಹೋಗುವುದು ಹೇಗೆ?

ಮೊಳಕಾಲ್ಮೂರಿನಲ್ಲಿ ಅವರ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬೀದಿಯಲ್ಲೆಲ್ಲ ಮಗ್ಗದ ಸದ್ದು. ಅವಳ ಅಮ್ಮ ಮಗ್ಗ ಬಿಟ್ಟು ಎದ್ದು ಬಂದರು.

"ರಾಮ್ಮಾ, ರಾ. ಕೂತ್ಕಳ್ರಿ. ಇವ್ಳು ಬಂದಾಗಿಂದ ಸರಿಯಾಗಿ ಉಣ್ತಿಲ್ಲ, ತಿಂತಿಲ್ಲ. ಜಟಿಂಗ ರಾಮೇಶ್ವರಕ್ಕೆ ಹೋಗಿ ಹಣ್ಣುಕಾಯಿ ಮಾಡಿಸ್ಕೊಂಡು ಬಾ ಅಂದ್ರೆ ಅದ್ಕೂ ಇಲ್ಲ." ದನಿ ತಗ್ಗಿಸಿ ಕೇಳಿದರು, "ಏನಮ್ಮಾ, ನಕ್ಷತ್ರ ಕೆಟ್ಟೋಯ್ತಂತೆ?"

ಒಳಗಿಂದ ವರಲಕ್ಷ್ಮಿಯ ದನಿ ಬಂತು. "ನಕ್ಷತ್ರ ಕೆಟ್ಟಿಲ್ಲಮ್ಮ. ಕೆಟ್ಟಿದ್ದು ನಾನು."

"ನೋಡ್ರಿ, ಮೂರೊತ್ತೂ ಇದೇ ಮಾತು," ಅಂದು ಅವರು ಹಣ್ಣು ಹಿಡಿದು ಒಳಗೆ ಹೋದರು.

ವರಲಕ್ಷ್ಮಿ ಬಂದು ಕೂತಳು. ತಲೆ ಬಾಚಿರಲಿಲ್ಲ. ಸಮಾಧಾನ ಹೇಳುವುದು ನನಗೆ ಬರುವುದಿಲ್ಲ. ಕೆಲಸದ ಮಾತು ತೆಗೆದೆ.

"ಸರಿಯಾದ ಹೊತ್ತು ಹಾಕಿ ನೀನೊಂದು ಸಲ ಓಡಿಸಿದ್ಯಾ?"

"ಓಡಿಸ್ದೆ. ಏನೂ ಇಲ್ಲ."

"ಎಷ್ಟು ಇಲ್ಲ?"

"ಅಂದ್ರೆ?"

"ದೊಡ್ಡ ಇಳಿತ ಇಲ್ವಾ, ಚಿಕ್ಕ ಇಳಿತಾನೂ ಇಲ್ವಾ? ಎಷ್ಟು ಚಿಕ್ಕದಿದ್ರೆ ನಮ್ಮ ಕಣ್ಣು ತಪ್ಪಿಸ್ಕೊಂತೈತೆ? ಅದು ಗೊತ್ತೇನು?"

ಅವಳು ತಲೆ ಎತ್ತಿದಳು. "ಇಲ್ಲ ಅನ್ನೋದಕ್ಕೆ ಯಾರಾದ್ರೂ ಪಿಎಚ್‌ಡಿ ಕೊಡ್ತಾರೇನಕ್ಕ?"

"ಎಲ್ಲಿವರೆಗೆ ಇಲ್ಲ ಅಂತ ಬೇರೆಯವರು ಅಲುಗಾಡಿಸದ ಹಾಗೆ ತೋರಿಸಿದ್ರೆ ಕೊಡ್ಲೇಬೇಕು. ಕೊಡ್ದಿದ್ರೆ ನಾನು ಜಗಳ ಆಡ್ತೀನಿ."

"ನೀವು ಆಡ್ತೀರಿ," ಅಂದಳು. ಬಂದಾಗಿನಿಂದ ಮೊದಲ ಸಲ ತುಟಿ ಸ್ವಲ್ಪ ಅಲುಗಿತು. "ಮೇಡಮ್ ಒಪ್ತಾರಾ?"

"ಕೇಳೋಣ. ತಲೆ ಬಾಚ್ಕೋ ಮೊದಲು."

ಮೇಡಮ್ ಒಪ್ಪಿದರು, ಸ್ವಲ್ಪ ಕಾಲವನ್ನೂ ಕೊಡಿಸಿದರು. ಆ ತಿಂಗಳುಗಳೇ ನನ್ನ ನೌಕರಿಯ ಅತ್ಯಂತ ಸುಖದ ದಿನಗಳು. ಈಗ ಕಣ್ಣು ಮುಚ್ಚಿದರೆ ಬರುವುದು ಅವೇ. ನಾವು ಮಾಡುತ್ತಿದ್ದ ಕೆಲಸ ಕೇಳಿದರೆ ನಗುತ್ತೀರಿ. ನಾನು ನನ್ನ ಕೋಣೆಯಲ್ಲಿ ಕೂತು ಮೂರನೆಯದರ ಅಂಕಿಯೊಳಗೆ ಬೇಕೆಂದೇ ಒಂದು ಸುಳ್ಳು ಇಳಿತ ಬೆರೆಸಿ ಕಳಿಸುತ್ತಿದ್ದೆ. ಕೆಲವು ಸಲ ಏನೂ ಬೆರೆಸದೆ ಕಳಿಸುತ್ತಿದ್ದೆ. ಅವಳು ಅವಳ ಕೋಣೆಯಲ್ಲಿ ಕೂತು ಅದನ್ನು ಹುಡುಕಬೇಕು. ದೊಡ್ಡದನ್ನು ಸುಲಭವಾಗಿ ಹಿಡಿದಳು. ಚಿಕ್ಕದು ಮಾಡಿದೆ, ಹಿಡಿದಳು. ಇನ್ನೂ ಚಿಕ್ಕದು ಮಾಡುತ್ತಾ ಹೋದೆ, ಅವಳಿಗೆ ಸಿಗದಾಗುವವರೆಗೆ. ಅದು ಸಿಗದಾಗುವ ಅಂಚೇ ನಮಗೆ ಬೇಕಾದ ಉತ್ತರ.

ಗೋಡೆಯಾಚೆಯಿಂದ ಅವಳ ಕೂಗು ಕೇಳುತ್ತಿತ್ತು. "ಅಕ್ಕಾ, ಈ ಸಲ ಏನೂ ಹಾಕಿಲ್ಲ ನೀವು!"

"ಹಾಕಿದೀನಿ, ಹುಡುಕು!"

"ಸುಳ್ಳು!"

"ಹುಡುಕೇ, ಸೋಮಾರಿ!"

ಅರ್ಧ ಗಂಟೆ ಸದ್ದಿಲ್ಲ. ಆಮೇಲೆ ಬಾಗಿಲಲ್ಲಿ ಅವಳ ಮುಖ. "ಸಿಕ್ತು. ಕಳ್ಳಿ ನೀವು."

ಅವಳ ನೋಟ್‌ಬುಕ್‌ನಲ್ಲಿ ಈಗ ಕನ್ನಡದ ಟಿಪ್ಪಣಿ ಬಂದಿತ್ತು. ನನ್ನದಕ್ಕಿಂತ ಚೆನ್ನಾಗಿ ಬರೆಯುತ್ತಿದ್ದಳು. ಮೇಡಮ್ "ಇದನ್ನ ಬೇರೆ ದೇಶದೋರು ಓದೋದು ಹೇಗ್ರೀ?" ಅಂತ ಗೊಣಗಿ, ಇಂಗ್ಲಿಷಿನಲ್ಲೂ ಬರೆಸಿದರು. ಎರಡೂ ಉಳಿದವು.

ಪ್ರಬಂಧದ ಕೊನೆಯ ಪರೀಕ್ಷೆಗೆ ಹೊರಗಿನಿಂದ ಬಂದ ಪರೀಕ್ಷಕರು ಕೇಳಿಯೇಬಿಟ್ಟರು: "ಇಷ್ಟು ವರ್ಷ ಕೆಲಸ ಮಾಡಿ, ಏನೂ ಇಲ್ಲ ಅಂತ ಹೇಳೋಕೆ ಬಂದಿದೀಯಾ?"

ನಾನು ಕೊನೆಯ ಸಾಲಿನಲ್ಲಿ ಕೂತಿದ್ದೆ. ಜಗಳಕ್ಕೆ ತಯಾರಾಗೇ ಹೋಗಿದ್ದೆ.

ವರಲಕ್ಷ್ಮಿ ನೀರು ಕುಡಿದು ಲೋಟ ಇಟ್ಟಳು. "ಇಲ್ಲ ಸರ್. ಇಷ್ಟಕ್ಕಿಂತ ದೊಡ್ಡದು ಇಲ್ಲ ಅಂತ ಹೇಳೋಕೆ ಬಂದಿದೀನಿ. ಇದಕ್ಕಿಂತ ಚಿಕ್ಕದು ಇರಬಹುದು. ಅದನ್ನ ನೋಡೋ ಕಣ್ಣು ಇನ್ನೂ ನಮ್ಮ ಹತ್ರ ಇಲ್ಲ. ಇದೆ ಅಂತ ನಾಲ್ಕೈದು ದಿನ ನಂಬಿದ್ದೆ. ಅದು ಹೇಗೆ ಸುಳ್ಳಾಯ್ತು ಅನ್ನೋದನ್ನ ಒಂದು ಅಧ್ಯಾಯವಾಗಿ ಬರೆದಿದೀನಿ, ಬೇರೆಯವರು ಅದೇ ಗುಂಡಿಗೆ ಬೀಳಬಾರದು ಅಂತ."

ಪರೀಕ್ಷಕರು ಆ ಅಧ್ಯಾಯ ತಿರುವಿ ಹಾಕಿ, "ಇದನ್ನ ನಮ್ಮ ಹುಡುಗರಿಗೂ ಓದಿಸ್ತೀನಿ," ಅಂದರು. ನನ್ನ ಜಗಳ ವ್ಯರ್ಥವಾಯಿತು.

ಅವಳ ಅಮ್ಮ ಅಪ್ಪ ಅವತ್ತು ಬಂದಿದ್ದರು. ಪದವಿ ಬಂತು ಅಂತ ತಿಳಿದ ಮೇಲೆ ಅಮ್ಮ ನನ್ನ ಹತ್ತಿರ ಬಂದು, "ಹಂಗಾದ್ರೆ ನಕ್ಷತ್ರ ಸರಿಹೋಯ್ತಾ?" ಅಂದರು. "ನಿಮ್ಮ ಮಗಳು ಸರಿಹೋದ್ಲು, ನಕ್ಷತ್ರ ಅದರ ಪಾಡಿಗೆ ಐತೆ," ಅಂದೆ.

ವರಲಕ್ಷ್ಮಿ ಉತ್ತರದ ಕಡೆಯ ಒಂದು ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಲು ಹೋದಳು. ಸ್ವಲ್ಪ ಕಾಲಕ್ಕೆ ನನಗೆ ನಿವೃತ್ತಿಯಾಯಿತು. ಹಾರ ಹಾಕಿದರು, ಭಾಷಣ ಮಾಡಿದರು. ಚಳ್ಳಕೆರೆಯಲ್ಲಿ ಮನೆ ಮಾಡಿಕೊಂಡೆ. ನಿವೃತ್ತಿಯ ಬಗ್ಗೆ ನಿಮಗೆ ಯಾರೂ ಹೇಳದ ಒಂದು ಮಾತು ಹೇಳುತ್ತೇನೆ. ಬೆಳಿಗ್ಗೆ ಎದ್ದಾಗ ಕೈ ತಾನಾಗಿ ಏನನ್ನೋ ಓಡಿಸಲು ಹೋಗುತ್ತದೆ. ಓಡಿಸಲು ಏನೂ ಇರುವುದಿಲ್ಲ. ಗೋಡೆಯಾಚೆಯಿಂದ ಯಾರೂ "ಸುಳ್ಳು!" ಅಂತ ಕೂಗುವುದಿಲ್ಲ. ಜನ ವಿಶ್ರಾಂತಿ ಅನ್ನುತ್ತಾರೆ. ನನಗೆ ಅದು ಹಸಿವು.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಆ ಸುಳ್ಳು ಗೆರೆ ಇದೆಯಲ್ಲ, ಏರಿ ಇಳಿದ ಗೆರೆ, ಅದನ್ನು ನಾನು ಮರೆತಿಲ್ಲ. ಅದು ತಪ್ಪು ಅಂತ ನನಗಿಂತ ಚೆನ್ನಾಗಿ ಗೊತ್ತಿರುವವರಿಲ್ಲ. ಆದರೂ ಅದು ನಿಜವಾಗಿದ್ದರೆ ಅನ್ನಿಸುತ್ತದೆ. ನಾಲ್ಕೈದು ದಿನ ನಾವು ಆ ನಕ್ಷತ್ರವನ್ನು ಅಷ್ಟು ಹತ್ತಿರದಿಂದ ಬಲ್ಲೆವು ಅಂದುಕೊಂಡಿದ್ದೆವು.

ಮೊನ್ನೆ ವರಲಕ್ಷ್ಮಿಯ ಫೋನು ಬಂತು. ಈಗ ಮೊದಲಿಗಿಂತ ಸೂಕ್ಷ್ಮವಾದ ದೂರದರ್ಶಕವೊಂದು ಮೇಲಿದೆ. ಮೂರನೆಯದನ್ನು ನೋಡಲು ಅರ್ಜಿ ಹಾಕಿದ್ದಳಂತೆ, ಸಮಯ ಸಿಕ್ಕಿತಂತೆ, ಅಂಕಿ ಬಂದಿದೆಯಂತೆ. ನನಗೆ ಹೇಳದೆಯೇ ತಂಡದಲ್ಲಿ ನನ್ನ ಹೆಸರು ಸೇರಿಸಿದ್ದಾಳೆ. ಊರು ಅನ್ನುವ ಕಡೆ ಚಳ್ಳಕೆರೆ ಅಂತ ಹಾಕಿದ್ದಾಳೆ.

"ಅಕ್ಕ, ನಾನು ಇಲ್ಲಿ ಓಡಿಸ್ತೀನಿ, ನೀವು ಅಲ್ಲಿ ಓಡಿಸ್ರಿ. ಖಾಲಿ ಹೊಟ್ಟೇಲಿ. ಮುಗಿಯೋವರ್ಗೂ ಮಾತಾಡೋದು ಬೇಡ."

ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಕೂತೆ. ಎರಡು ಸಲ ಕರೆಂಟು ಹೋಯಿತು, ಎರಡು ಸಲವೂ ಮೊದಲಿಂದ ಓಡಿಸಿದೆ. ಕೊನೆಯ ಸೆಲ್‌ಗೆ ಬಂದೆ. ಒತ್ತಿದೆ. ಗೆರೆ ಬಂತು.

ಮಧ್ಯಾಹ್ನ ಸಂತೆ ಕಡೆ ನಡೆಯುತ್ತಿದ್ದಾಗ ಅವಳು ಫೋನು ಮಾಡಿದಳು.

"ಏನು ಬಂತಕ್ಕ?"

"ನಿಂಗೇನು ಬಂತು?"

"ನೀವು ಮೊದ್ಲು ಹೇಳ್ರಿ."

"ಸಮ," ಅಂದೆ.

"ನಂಗೂ ಸಮ," ಅಂದಳು. ಪಕ್ಕದಲ್ಲಿ ಶೇಂಗಾ ಲೋಡಿನ ಟ್ರ್ಯಾಕ್ಟರ್ ಹೋಯಿತು, ಅದು ದಾಟುವವರೆಗೂ ಇಬ್ಬರೂ ಕಾದೆವು.

"ಇನ್ನೊಂದು ಸಲ ಕೇಳ್ಲಾ ಅಕ್ಕ? ಇನ್ನೂ ಉದ್ದಕ್ಕೆ ನೋಡೋಕೆ? ಕೊಡ್ತಾರೋ ಇಲ್ವೋ."

"ಕೇಳು."

"ಈಗ ಆಗಲ್ಲ. ಸೂರ್ಯ ಅದ್ರ ಹತ್ರ ಬಂದವ್ನೆ. ಅವ್ನು ಸರಿಯೋವರ್ಗೂ ಯಾವ ದೂರದರ್ಶಕನೂ ಆ ಕಡೆ ತಿರುಗಿಸಂಗಿಲ್ಲ."

"ಗೊತ್ತು ಕಣೇ. ಸರೀಲಿ. ಕೇಳು."

ಫೋನು ಇಟ್ಟು ಅಲ್ಲೇ ನಿಂತೆ. ಸೂರ್ಯ ಹತ್ತಿರ ಬಂದಿದ್ದಾನೆ ಅಂದರೆ ಈ ದಿನಗಳಲ್ಲಿ ಮೂರನೆಯದು ಹಗಲಿನಲ್ಲಿ ನೆತ್ತಿಯ ಕಡೆಗೇ ಇರುತ್ತದೆ, ಅವನ ಪಕ್ಕದಲ್ಲೇ, ಅವನ ಬೆಳಕಿನಲ್ಲಿ ಮುಳುಗಿ. ನನಗೂ ಕಾಣದು, ಮೀನಾಕ್ಷಿ ಮೇಡಮ್ಮಿಗೂ ಕಾಣದು, ಮೇಲೆ ಸುತ್ತುವ ಯಂತ್ರಗಳಿಗೂ ಕಾಣದು. ಹಣೆಗೆ ಕೈ ಅಡ್ಡ ಹಿಡಿದು ಸೂರ್ಯನನ್ನು ಬಿಟ್ಟು ಅವನ ಆಚೆ ಈಚೆ ನೋಡಿದೆ.

ರಸ್ತೆ ಬದಿಯಲ್ಲಿ ಶೇಂಗಾ ಒಣಹಾಕಿಕೊಂಡು ಕೂತಿದ್ದ ಹೆಂಗಸು ಗಾಬರಿಯಿಂದ ಎದ್ದಳು. "ಏನ್ರೀ ಅಮ್ಮ, ಮೋಡ ಬಂತೇನ್ರೀ? ಕಾಯಿ ಒಣಗಾಕಿದೀನಿ."

"ಇಲ್ಲ ತಾಯಿ, ಮೋಡ ಇಲ್ಲ."

"ಮತ್ತೆ ಅವಾಗ್ಲಿಂದ ಏನ್ ನೋಡ್ತೀರಿ?"

"ಅಲ್ಲೊಂದು ನಕ್ಷತ್ರ ಐತೆ."

"ಈ ಬಿಸ್ಲಾಗೆ?"

"ಈ ಬಿಸ್ಲಾಗೇ."

ಅವಳು ನನ್ನ ಮುಖ ನೋಡಿದಳು. ತಮಾಷೆ ಮಾಡುತ್ತಿಲ್ಲ ಅಂತ ಖಾತ್ರಿಯಾದ ಮೇಲೆ ಸೆರಗಿಗೆ ಕೈ ಒರೆಸಿಕೊಂಡು ಹತ್ತಿರ ಬಂದು, ನನ್ನ ಪಕ್ಕದಲ್ಲೇ ನಿಂತು, ತಾನೂ ಹಣೆಗೆ ಕೈ ಅಡ್ಡ ಹಿಡಿದು ಮೇಲಕ್ಕೆ ನೋಡಿದಳು.